ಮೆಕಾಂಗ್ ನದಿಯ ಸ್ಲೋ ಬೋಟ್: ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ವರೆಗೆ

ಥಾಯ್ಲೆಂಡಿನ ಉತ್ತರ ತುದಿಯಿಂದ ಲಾವೋಸ್ ದೇಶಕ್ಕೆ ಕಾಲಿಡುವ ಬ್ಯಾಕ್‌ಪ್ಯಾಕ್ ಪ್ರವಾಸಿಗರಲ್ಲಿ ಅನೇಕರು ಹುವಾಯ್ ಸಾಯ್ ಎಂಬ ಗಡಿ ಊರಿನಲ್ಲಿ ದೋಣಿ ಹತ್ತಿ, ಮೆಕಾಂಗ್ ನದಿಯ ಹರಿವಿನೊಂದಿಗೆ ಸುಮಾರು 300 ಕಿಲೋಮೀಟರ್ ಸಾಗಿ, ನಡುವೆ ಪಾಕ್‌ಬೆಂಗ್ ಎಂಬ ಸಣ್ಣ ಊರಿನಲ್ಲಿ ಒಂದು ರಾತ್ರಿ ತಂಗಿ, ಎರಡನೆಯ ದಿನ ಸಂಜೆ ಲುವಾಂಗ್ ಪ್ರಬಾಂಗ್ ತಲುಪುತ್ತಾರೆ. ಸ್ಲೋ ಬೋಟ್ ಎಂದೇ ಹೆಸರಾಗಿರುವ ಈ ದೋಣಿ ಸೇವೆಯನ್ನು ಬಾಯ್ತುಂಬ ಹೊಗಳುವವರಿದ್ದಾರೆ, ಎರಡು ದಿನ ವ್ಯರ್ಥವಾಯಿತೆಂದು ಹಲುಬುವವರೂ ಇದ್ದಾರೆ. ಗೆಳೆಯರ ಗುಂಪಿನೊಂದಿಗೆ ಇದರಲ್ಲಿ ಪ್ರಯಾಣ ಮಾಡಿದ ಮೇಲೆ ನನಗೆ ಅನ್ನಿಸಿದ್ದೆಂದರೆ, ಹೊಗಳುವವರೂ ತೆಗಳುವವರೂ ಇದನ್ನು ವಿಹಾರ ನೌಕೆಯೆಂದು ಎಣಿಸಿಯೇ ಅಳೆದಿದ್ದಾರೆ. ದಾರಿಯುದ್ದಕ್ಕೂ ನದಿ ದಂಡೆಯ ಹಳ್ಳಿಗಳ ಜನರನ್ನೂ ಅವರ ಅಕ್ಕಿಮೂಟೆಗಳನ್ನೂ ಹತ್ತಿಸಿ ಇಳಿಸುತ್ತ ಹೋಗುವ ಇದು ನದಿಯ ಮೇಲಿನ ಸಾರಿಗೆ ಬಸ್ಸು. ಆ ಲೆಕ್ಕದಲ್ಲಿ ನೋಡಿದಾಗ ಇದರ ಹಲವು ಕೊರತೆಗಳು ಸಹಿಸಬಹುದಾದವು ಎನ್ನಿಸುತ್ತವೆ. ಸಹಿಸಬಾರದ ಒಂದೆರಡು ಕೊರತೆಗಳು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ.

ಮೊದಲು ಗಡಿಯ ವಿಚಾರ. ಥಾಯ್ಲೆಂಡಿನ ಚಿಯಾಂಗ್ ಖೋಂಗ್ ಮತ್ತು ಲಾವೋಸ್‌ನ ಹುವಾಯ್ ಸಾಯ್ ಎದುರುಬದುರು ದಡಗಳಲ್ಲಿರುವ ಊರುಗಳು. 2013ರ ಡಿಸೆಂಬರಿನಲ್ಲಿ ನಾಲ್ಕನೆಯ ಥಾಯ್-ಲಾವೋ ಸ್ನೇಹ ಸೇತುವೆ ತೆರೆಯುವವರೆಗೆ ಪ್ರವಾಸಿಗರು ಇಲ್ಲಿ ಸಣ್ಣ ದೋಣಿಯಲ್ಲಿ ಹೊಳೆ ದಾಟುತ್ತಿದ್ದರು. ಈಗ ವಿದೇಶೀಯರು ಸೇತುವೆಯ ಮೂಲಕವೇ ಬರಬೇಕು. ಸೇತುವೆಯಿರುವುದು ಎರಡೂ ಊರುಗಳಿಂದ ಸಾಕಷ್ಟು ದೂರದಲ್ಲಾದ್ದರಿಂದ ಅಲ್ಲಿಗೆ ಹೋಗಲು, ಅಲ್ಲಿಂದ ಬರಲು ಪ್ರತ್ಯೇಕ ವಾಹನ ಹಿಡಿಯಬೇಕಾಗುತ್ತದೆ. ದೋಣಿ ಹೊರಡುವುದು ಬೆಳಗ್ಗೆ ಹನ್ನೊಂದು ಗಂಟೆಯ ಆಸುಪಾಸಿನಲ್ಲಿ. ಅದೇ ದಿನ ಗಡಿ ದಾಟಿ ದೋಣಿ ಹಿಡಿಯುವುದು ಸಾಧ್ಯವಾದರೂ, ವೀಸಾ ಸಾಲಿನಲ್ಲಿ ನಿಂತು ಗಡಿಯಾರ ನೋಡುವ ಆತಂಕ ಗುಂಪಿನಲ್ಲಿ ಒಬ್ಬರಿಂದೊಬ್ಬರಿಗೆ ಬೇಗ ಹರಡುತ್ತದೆ. ಆದ್ದರಿಂದ ಹಿಂದಿನ ದಿನವೇ ಹುವಾಯ್ ಸಾಯ್ ತಲುಪಿ, ಅಲ್ಲಿಯ ಯಾವುದಾದರೂ ಸಾಧಾರಣ ಗೆಸ್ಟ್‌ಹೌಸಿನಲ್ಲಿ ಉಳಿದು, ಬೆಳಗ್ಗೆ ನಿಧಾನವಾಗಿ ದೋಣಿಕಟ್ಟೆಗೆ ನಡೆಯುವುದು ಉತ್ತಮ.

ಟಿಕೆಟನ್ನು ದೋಣಿಕಟ್ಟೆಯ ಕಿಟಕಿಯಲ್ಲೇ ಕೊಳ್ಳಬೇಕು ಎಂಬುದು ನನ್ನ ಖಚಿತ ಸಲಹೆ. ಪಾಸ್‌ಪೋರ್ಟ್ ತೋರಿಸಿದರೆ ಹೆಸರು ಬರೆದುಕೊಂಡು ಚೀಟಿ ಕೊಡುತ್ತಾರೆ, ಕೆಲಸ ಅಷ್ಟೇ. ಚಿಯಾಂಗ್ ಮಾಯ್‌ನಿಂದ ಹಿಡಿದು ಹುವಾಯ್ ಸಾಯ್‌ನ ಮುಖ್ಯರಸ್ತೆಯವರೆಗೆ ವ್ಯಾನು, ವಸತಿ, ದೋಣಿ ಎಲ್ಲವನ್ನೂ ಸೇರಿಸಿ ಮಾರುವ ಏಜೆಂಟರು ಅನೇಕರಿದ್ದಾರೆ. ಹೊಸ ದೇಶದಲ್ಲಿ ಮೊದಲ ದಿನವೇ ಓಡಾಡುವ ಕಷ್ಟ ಬೇಡವೆನ್ನುವವರಿಗೆ ಅದು ಅನುಕೂಲವೇ ಸರಿ. ಆದರೆ ನಮಗೆ ಎದುರಾದ ಒಬ್ಬ ಏಜೆಂಟ್, ನಾಳೆಯ ದೋಣಿ ತುಂಬಿಹೋಗಿದೆ, ತನ್ನ ಬಳಿ ಕೆಲವೇ ಸೀಟುಗಳು ಉಳಿದಿವೆ ಎಂದು ಒತ್ತಾಯಿಸಿದ್ದ. ಮರುದಿನ ಬೆಳಗ್ಗೆ ಕಿಟಕಿಯಲ್ಲಿ ನಮಗೆ ಯಾವ ತೊಂದರೆಯೂ ಇಲ್ಲದೆ ಟಿಕೆಟ್ ಸಿಕ್ಕಿತು. ಲಾವೋಸ್‌ನ ಹಣವಾದ ಕಿಪ್ 2022ರಿಂದೀಚೆಗೆ ಮೌಲ್ಯ ಕಳೆದುಕೊಂಡದ್ದರಿಂದ ದರಗಳು ಆಗಾಗ ಬದಲಾಗುತ್ತಿರುತ್ತವೆ. ಹಳೆಯ ಪ್ರವಾಸ ಬರಹಗಳಲ್ಲಿರುವ ದರವನ್ನು ಹಿಡಿದುಕೊಂಡು ಕಿಟಕಿಯ ಮುಂದೆ ವಾದಿಸುವುದರಲ್ಲಿ ಅರ್ಥವಿಲ್ಲ. ಥಾಯ್ ಬಾತ್ ಕೂಡ ಇಲ್ಲಿ ನಡೆಯುತ್ತದಾದರೂ ಚಿಲ್ಲರೆ ಲೆಕ್ಕ ಯಾವಾಗಲೂ ಗ್ರಾಹಕನಿಗೆ ವಿರುದ್ಧವಾಗಿಯೇ ಮುಗಿಯುವುದರಿಂದ ಕಿಪ್ ಇಟ್ಟುಕೊಳ್ಳುವುದು ಲೇಸು.

ಇನ್ನು ದೋಣಿ. ಅದು ಉದ್ದನೆಯ, ಇಕ್ಕಟ್ಟಾದ ಮರದ ದೋಣಿ; ಅಕ್ಕಪಕ್ಕ ತೆರೆದ ಕಿಟಕಿಗಳಿಗೆ ಸುತ್ತಿಟ್ಟ ಪ್ಲಾಸ್ಟಿಕ್ ಪರದೆ, ಮೇಲೆ ಬಾಗಿದ ಚಾವಣಿ. ಒಳಗೆ ಸಾಲಾಗಿ ಇಟ್ಟಿರುವ ಸೀಟುಗಳು ಹಳೆಯ ವ್ಯಾನುಗಳಿಂದ ಕಿತ್ತು ತಂದವು. ಸಾಮಾನ್ಯವಾಗಿ ಅವನ್ನು ನೆಲಕ್ಕೆ ಬಿಗಿದಿರುವುದಿಲ್ಲ. ದಡದಿಂದ ದೋಣಿಗೆ ಒಂದಡಿ ಅಗಲದ ಹಲಗೆಯ ಮೇಲೆ ನಡೆದು ಹೋಗಬೇಕು. ಬೆನ್ನಿಗೆ ಹದಿನೈದು ಕಿಲೋ ಚೀಲ ಇರುವಾಗ ಆ ಹಲಗೆ ಬಳುಕುವ ಬಳುಕಿಗೆ ಎದೆ ಝಲ್ಲೆನ್ನುತ್ತದೆ. ಬದಿಯಲ್ಲಿ ನಿಂತ ದೋಣಿಯ ಹುಡುಗರು ಕೈ ಹಿಡಿದು ದಾಟಿಸುತ್ತಾರೆ. ದೊಡ್ಡ ಚೀಲಗಳನ್ನು ನೆಲದ ಹಲಗೆ ಎತ್ತಿ ಕೆಳಗಿನ ಖಾಲಿ ಜಾಗಕ್ಕೆ ಇಳಿಸುವುದರಿಂದ, ದಿನವಿಡೀ ಬೇಕಾಗುವ ನೀರು, ಸ್ವೆಟರ್, ಔಷಧ, ತಿಂಡಿಗಳನ್ನು ಮೊದಲೇ ಸಣ್ಣ ಚೀಲಕ್ಕೆ ಹಾಕಿಕೊಂಡಿರಬೇಕು. ಒಮ್ಮೆ ಕೆಳಗೆ ಹೋದ ಚೀಲ ಪಾಕ್‌ಬೆಂಗ್‌ನಲ್ಲೇ ಮತ್ತೆ ಕಾಣಸಿಗುವುದು.

ಸೀಟಿನ ಆಯ್ಕೆಯೇ ಆರೇಳು ಗಂಟೆಗಳ ಸುಖದುಃಖವನ್ನು ನಿರ್ಧರಿಸುತ್ತದೆ. ಎಂಜಿನ್ ಇರುವುದು ಹಿಂಭಾಗದಲ್ಲಿ. ಅದರ ಸದ್ದು ಎಷ್ಟೆಂದರೆ, ಕೊನೆಯ ಸಾಲುಗಳಲ್ಲಿ ಕುಳಿತವರು ಪಕ್ಕದವರೊಡನೆ ಕಿವಿಗೆ ಬಾಯಿಟ್ಟೇ ಮಾತನಾಡಬೇಕು. ಜೊತೆಗೆ ಡೀಸೆಲ್ ವಾಸನೆ ಬೇರೆ. ಚೀಟಿಯ ಮೇಲೆ ಕೈಬರಹದ ಸೀಟು ಸಂಖ್ಯೆ ಇದ್ದರೂ ಅದನ್ನು ಪಾಲಿಸುವವರು ವಿರಳ, ಮೊದಲು ಬಂದವರಿಗೆ ಮೊದಲ ಜಾಗ ಎಂಬುದೇ ರೂಢಿ. ಹೊರಡುವ ಸಮಯಕ್ಕೆ ಒಂದು ಗಂಟೆ ಮುಂಚೆ ಹೋಗಿ ಮುಂಭಾಗದಲ್ಲಿ ಕುಳಿತರೆ ಪ್ರಯಾಣದ ಅರ್ಧ ದೂರುಗಳು ಹುಟ್ಟುವುದೇ ಇಲ್ಲ. ನಾವು ಮುಂದಿನ ಸಾಲುಗಳಲ್ಲಿ ಜಾಗ ಹಿಡಿದು, ದೋಣಿಯವರನ್ನು ಕೇಳಿ ಒಂದು ಸಾಲಿನ ಸೀಟುಗಳನ್ನು ತಿರುಗಿಸಿಕೊಂಡು ಎದುರುಬದುರು ಕುಳಿತೆವು. ಗೆಳೆಯರೊಂದಿಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಸಿಗುವುದಿಲ್ಲ. ಬೆಟ್ಟಗಳ ನಡುವೆ ಮೊಬೈಲ್ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಹೋದಷ್ಟು ಹೊತ್ತು ಮಾತು ಬೆಳೆಯುತ್ತದೆ. ಕಾಲೇಜು ಬಿಟ್ಟ ಮೇಲೆ ಬೇರೆ ಬೇರೆ ಊರುಗಳಲ್ಲಿ ಕೆಲಸ ಹಿಡಿದು, ಮದುವೆ ಮನೆಗಳಲ್ಲಿ ಮಾತ್ರ ಭೇಟಿಯಾಗುತ್ತಿದ್ದ ನಮ್ಮ ಗುಂಪಿಗೆ ಹೀಗೆ ಹೊತ್ತು ಹೋಗುವುದನ್ನು ಲೆಕ್ಕಿಸದೆ ಮಾತನಾಡಲು ಸಿಕ್ಕಿದ್ದೇ ಈ ಪ್ರವಾಸದ ಅತಿ ದೊಡ್ಡ ಲಾಭವೆಂದು ಈಗಲೂ ಅನ್ನಿಸುತ್ತದೆ.

ಆದರೆ ಟಿಕೆಟ್ ಮಾರಾಟಕ್ಕೂ ಸೀಟುಗಳ ಸಂಖ್ಯೆಗೂ ಹೊಂದಾಣಿಕೆ ಇಲ್ಲದಿರುವುದನ್ನು ನಾನು ಗಂಭೀರ ಲೋಪವೆಂದೇ ಪರಿಗಣಿಸುತ್ತೇನೆ. ತಡವಾಗಿ ಬಂದವರು ಎಂಜಿನ್ ಕೋಣೆಯ ಬಾಗಿಲಲ್ಲಿ ಚೀಲಗಳ ಮೇಲೆ ಕುಳಿತು ಆ ದಿನವನ್ನು ಕಳೆಯಬೇಕಾಯಿತು. ಅವರಲ್ಲಿ ವಯಸ್ಸಾದ ಸ್ಥಳೀಯ ದಂಪತಿಗಳೂ ಇದ್ದರು. ಜೀವರಕ್ಷಕ ಜಾಕೆಟ್‌ಗಳು ಚಾವಣಿಯ ಅಡಿಯಲ್ಲಿ ಒಂದು ಕಡೆ ಕಟ್ಟಿಟ್ಟಿದ್ದವು, ಜನರ ಸಂಖ್ಯೆಗೆ ಅವು ಸಾಲುವಂತೆ ಕಾಣಲಿಲ್ಲ. ನದಿ ಕೆಲವೆಡೆ ಬಂಡೆಗಳ ನಡುವೆ ಇಕ್ಕಟ್ಟಾಗಿ, ಸುಳಿಗಳೊಂದಿಗೆ ಹರಿಯುವುದರಿಂದ ಇದು ಕಡೆಗಣಿಸುವ ವಿಷಯವಲ್ಲ. ಹತ್ತಿದ ಕೂಡಲೇ ಜಾಕೆಟ್ ಎಲ್ಲಿದೆಯೆಂದು ನೋಡಿಟ್ಟುಕೊಳ್ಳಬೇಕು, ಈಜು ಬಾರದವರು ಕೇಳಿ ಪಡೆದು ಸೀಟಿನ ಬಳಿಯೇ ಇಟ್ಟುಕೊಳ್ಳಬೇಕು. ಅಕ್ಕಪಕ್ಕದ ಪ್ರಯಾಣಿಕರು ಒಟ್ಟಾಗಿ ಕೇಳಿದರೆ ಇನ್ನೊಂದು ದೋಣಿ ಬಿಡುವುದೂ ಉಂಟು. ಬಸ್ಸಿನಲ್ಲಿ ನಿಂತು ಹೋಗುವುದಕ್ಕೂ ಮೆಕಾಂಗ್‌ನಂಥ ನದಿಯ ಮೇಲೆ ತುಂಬಿದ ದೋಣಿಯಲ್ಲಿ ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಸೇವೆ ನಡೆಸುವವರು ಅರಿಯಬೇಕು.

ಇದೇ ಮಾರ್ಗದಲ್ಲಿ ಓಡುವ ಸ್ಪೀಡ್ ಬೋಟ್‌ಗಳನ್ನು ಹೆಸರಿಸದೆ ಮುಂದೆ ಹೋಗುವಂತಿಲ್ಲ. ಎರಡು ದಿನದ ದಾರಿಯನ್ನು ಒಂದೇ ದಿನದಲ್ಲಿ ಮುಗಿಸುವ ಆ ತೆಳ್ಳನೆಯ ದೋಣಿಗಳಲ್ಲಿ ಪ್ರಯಾಣಿಕರಿಗೆ ಹೆಲ್ಮೆಟ್ ಹಾಕಿಸಿ ಮೊಣಕಾಲು ಮಡಚಿ ಕೂರಿಸುತ್ತಾರೆ. ಬಂಡೆಗೋ ತೇಲುವ ಮರದ ದಿಮ್ಮಿಗೋ ತಾಗಿ ಮಗುಚಿದ ಅಪಘಾತಗಳಿಗೆ ಅವು ಕುಖ್ಯಾತವಾಗಿವೆ. ಉಳಿಯುವ ಸಮಯ ಎಷ್ಟೇ ಇರಲಿ, ನಾನು ಯಾರಿಗೂ ಅದನ್ನು ಸೂಚಿಸಲಾರೆ.

ದೋಣಿ ಹೊರಟ ಮೇಲೆ ಮೊದಲ ಕೆಲ ಹೊತ್ತು ಬಲದಂಡೆ ಥಾಯ್ಲೆಂಡ್, ಎಡದಂಡೆ ಲಾವೋಸ್. ಆಮೇಲೆ ನದಿ ಪೂರ್ತಿಯಾಗಿ ಲಾವೋಸ್ ಒಳಗೆ ತಿರುಗುತ್ತದೆ. ಬೆಟ್ಟಗಳು ಹತ್ತಿರ ಬರುತ್ತವೆ, ತೇಗದ ತೋಪುಗಳೂ ಬಾಳೆಗಿಡಗಳೂ ಬಿದಿರ ಮೆಳೆಗಳೂ ನೀರಿನ ಅಂಚಿನವರೆಗೆ ಇಳಿದಿರುತ್ತವೆ. ಮಳೆಗಾಲ ಮುಗಿದು ನೀರು ತಗ್ಗಿದಂತೆ ಮೇಲೆದ್ದ ಮರಳ ದಿಬ್ಬಗಳ ಮೇಲೆ ಹಳ್ಳಿಯವರು ನೆಲಗಡಲೆ, ತರಕಾರಿ ಬೆಳೆಯುತ್ತಾರೆ. ಬಂಡೆಗಳಿಗೆ ಬಿದಿರ ಗಳು ಬಿಗಿದು, ತುದಿಗೆ ಬಲೆ ಕಟ್ಟಿಟ್ಟಿರುವ ದೃಶ್ಯ ದಾರಿಯುದ್ದಕ್ಕೂ ಕಾಣುತ್ತದೆ. ಚುಕ್ಕಾಣಿ ಹಿಡಿದವನು ದೋಣಿಯ ಮೂತಿಯಲ್ಲಿ ಕುಳಿತಿರುತ್ತಾನೆ. ಮುಂದಿನ ಸೀಟಿನಿಂದ ಅವನ ಕೆಲಸವನ್ನು ನೋಡುವುದೇ ಒಂದು ಪಾಠ. ಮೇಲ್ನೋಟಕ್ಕೆ ಸಮತಟ್ಟಾಗಿ ಕಾಣುವ ನೀರಿನಲ್ಲಿ ಅವನು ಏಕಾಏಕಿ ದಡದ ಕಡೆಗೆ ಸರಿದು, ಮತ್ತೆ ಅಡ್ಡಲಾಗಿ ಹೊಳೆ ದಾಟಿ, ಎದುರು ದಡದ ಪಕ್ಕದಲ್ಲೇ ದೋಣಿಯನ್ನು ಜಾರಿಸುತ್ತಿದ್ದ. ಹಾದುಬಂದ ಮೇಲೆ ತಿರುಗಿ ನೋಡಿದರೆ ನಾವು ಬಿಟ್ಟುಬಂದ ನಡುಹೊಳೆಯಲ್ಲಿ ಕಪ್ಪು ಬಂಡೆಯ ಬೆನ್ನು ಅಂಗೈಯಷ್ಟೇ ಮೇಲೆ ಕಾಣುತ್ತಿತ್ತು. ಆ ನದಿಯನ್ನು ಮನೆಯಂಗಳದಂತೆ ಬಲ್ಲ ಕೈಗೆ ನಮ್ಮನ್ನು ಒಪ್ಪಿಸಿದ್ದೇವೆ ಎಂಬ ಭರವಸೆ ಹುಟ್ಟಿದ್ದು ಆಗಲೇ. ಅನೇಕ ದೋಣಿಗಳಲ್ಲಿ ಇಡೀ ಕುಟುಂಬವೇ ಹಿಂಭಾಗದಲ್ಲಿ ವಾಸವಾಗಿರುತ್ತದೆ. ಗಂಡ ಚುಕ್ಕಾಣಿ ಹಿಡಿದರೆ ಹೆಂಡತಿ ಹಿಂದೆ ನೂಡಲ್ಸ್, ಕಾಫಿ, ಬಿಯರ್ ಮಾರುತ್ತಾಳೆ.

ಮಧ್ಯಾಹ್ನ ಕಳೆದ ಮೇಲೆ, ನಮ್ಮ ಕಣ್ಣಿಗೆ ಮನೆಯೂ ದಾರಿಯೂ ಕಾಣದ ಒಂದು ಮರಳ ದಂಡೆಗೆ ದೋಣಿ ಮೂತಿ ತಾಗಿಸಿ ನಿಂತಿತು. ಎರಡು ಅಕ್ಕಿಮೂಟೆ, ತಗಡಿನ ಹಾಳೆಗಳ ಒಂದು ಸುರುಳಿ, ಬುಟ್ಟಿಯಲ್ಲಿ ಕೋಳಿಗಳು ಇಳಿದವು. ಹಿಂದೆಯೇ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದಳು. ಬಿದಿರ ಮೆಳೆಯ ನಡುವಿನಿಂದ ಮಕ್ಕಳು ಓಡಿಬಂದು ಮೂಟೆಗೆ ಕೈಹಾಕಿದರು. ಇಷ್ಟಕ್ಕೂ ಹಿಡಿದದ್ದು ಐದು ನಿಮಿಷ ಇರಬಹುದು. ಇಂಥ ನಿಲುಗಡೆಗಳಿಂದ ತಡವಾಗುತ್ತದೆ ಎಂದು ಗೊಣಗುವ ಪ್ರವಾಸಿಗರನ್ನು ಕಂಡು ನನಗೆ ಬೇಸರವಾಯಿತು. ಖಮು, ಹ್ಮಾಂಗ್, ಲಾವೋ ಜನರ ಹಳ್ಳಿಗಳಿಗೆ ಈ ದೋಣಿಯೇ ಪೇಟೆಯ ದಾರಿ. ನಮ್ಮ ಟಿಕೆಟ್ ಹಣದಿಂದ ಆ ದಾರಿ ಇನ್ನೂ ತೆರೆದಿದೆ ಎನ್ನುವುದೇ ಈ ಸೇವೆಯನ್ನು ಖಾಸಗಿ ವಿಹಾರ ನೌಕೆಗಿಂತ ಮೇಲೆ ನಿಲ್ಲಿಸುತ್ತದೆ. ಅದೇ ಕಾರಣಕ್ಕೆ, ಹಿಂದಿನ ಸಾಲುಗಳಲ್ಲಿ ಬೆಳಗಿನಿಂದಲೇ ಬಿಯರ್ ತೆರೆದು ಸ್ಪೀಕರ್ ಹಾಕಿಕೊಂಡು ಕೂಗಾಡುವ ಗುಂಪುಗಳು ನಡೆದುಕೊಳ್ಳುವ ರೀತಿ ಸರಿಯಲ್ಲ. ಪಕ್ಕದಲ್ಲಿ ಕೂತ ಅಜ್ಜಿ ನಕ್ಕು ಸುಮ್ಮನಾದರೆ ಅದನ್ನು ಒಪ್ಪಿಗೆಯೆಂದು ತಿಳಿಯಬಾರದು.

ಊಟದ ವಿಚಾರದಲ್ಲಿ ಕನ್ನಡದ ಓದುಗರಿಗೆ, ಅದರಲ್ಲೂ ಶಾಕಾಹಾರಿಗಳಿಗೆ, ಸ್ವಲ್ಪ ವಿವರವಾಗಿಯೇ ಹೇಳಬೇಕು. ದೋಣಿಯಲ್ಲಿ ಸಿಗುವುದು ಬಿಸಿನೀರು ಹಾಕಿದ ಪೊಟ್ಟಣದ ನೂಡಲ್ಸ್, ಚಿಪ್ಸ್, ಸಿಹಿ ಕಾಫಿ ಮತ್ತು ತಂಪು ಪಾನೀಯ ಮಾತ್ರ. ಆ ನೂಡಲ್ಸ್‌ನ ಮಸಾಲೆಯಲ್ಲಿ ಸಾಮಾನ್ಯವಾಗಿ ಮಾಂಸದ ಅಂಶ ಇರುತ್ತದೆ. ದೋಣಿಕಟ್ಟೆಯ ಅಂಗಡಿಗಳಲ್ಲಿ ಫ್ರೆಂಚರ ಆಳ್ವಿಕೆಯ ಕಾಲದಿಂದ ಉಳಿದುಬಂದ ಉದ್ದನೆಯ ಬ್ರೆಡ್ಡಿನೊಳಗೆ ತರಕಾರಿ, ಮೊಟ್ಟೆ ತುಂಬಿಸಿ ಕಟ್ಟಿಕೊಡುತ್ತಾರೆ. ಬಾಳೆಹಣ್ಣು, ಕಿತ್ತಳೆ ಧಾರಾಳವಾಗಿ ಸಿಗುತ್ತವೆ. ಲಾವೋ ಅಡುಗೆಯಲ್ಲಿ ಸೊಪ್ಪು, ತರಕಾರಿ, ಅಣಬೆ ಯಥೇಚ್ಛವಾಗಿದ್ದರೂ, ಪಡೆಕ್ ಎಂಬ ಹುದುಗಿಸಿದ ಮೀನಿನ ರಸವನ್ನು ಹುಳಿ-ಉಪ್ಪಿನಷ್ಟೇ ಸಹಜವಾಗಿ ಎಲ್ಲದಕ್ಕೂ ಸೇರಿಸುತ್ತಾರೆ; ಪಪ್ಪಾಯಿ ಕಾಯಿಯ ಕೋಸಂಬರಿಯೂ ಇದಕ್ಕೆ ಹೊರತಲ್ಲ. ‘ಬೋ ಸಾಯ್ ಪಡೆಕ್’ ಎಂದು ಮೊದಲೇ ಹೇಳಿದರೆ ಅದನ್ನು ಬಿಟ್ಟು ಮಾಡಿಕೊಡುತ್ತಾರೆ. ಬಿದಿರ ಬುಟ್ಟಿಯಲ್ಲಿ ಬರುವ ಅಂಟಕ್ಕಿ ಅನ್ನ ಮಾತ್ರ ಎಲ್ಲರಿಗೂ ನಿಶ್ಚಿಂತೆಯ ಆಹಾರ. ಕೈಯಲ್ಲಿ ಸಣ್ಣ ಉಂಡೆ ಮಾಡಿ ಅದ್ದಿಕೊಂಡು ತಿನ್ನುವ ಕ್ರಮ ರಾಗಿಮುದ್ದೆ ಬಲ್ಲವರಿಗೆ ಹೇಳಿಕೊಡಬೇಕಾಗಿಲ್ಲ, ಆದರೆ ಇಲ್ಲಿ ಅಗಿದು ತಿನ್ನಬೇಕು. ನಮ್ಮಲ್ಲೊಬ್ಬ ಗೆಳತಿ ಮನೆಯಿಂದ ತಂದಿದ್ದ ಪುಳಿಯೋಗರೆ ಗೊಜ್ಜು ಆ ಅಂಟಕ್ಕಿ ಅನ್ನಕ್ಕೆ ಎಷ್ಟು ಚೆನ್ನಾಗಿ ಹೊಂದಿತೆಂದರೆ, ಎದುರು ಸಾಲಿನಲ್ಲಿದ್ದ ಲಾವೋ ಹುಡುಗ ಎರಡನೆಯ ಬಾರಿ ಕೇಳಿ ಹಾಕಿಸಿಕೊಂಡ. ಗೊಜ್ಜಿನ ಒಂದು ಡಬ್ಬಿಯನ್ನೂ ಸ್ವಲ್ಪ ಕೋಡುಬಳೆಯನ್ನೂ ಈ ಪ್ರಯಾಣಕ್ಕೆಂದೇ ಇಟ್ಟುಕೊಳ್ಳಿರಿ.

ಪಾಕ್‌ಬೆಂಗ್ ದೋಣಿಗಳಿಂದಲೇ ಬದುಕುವ ಊರು. ಸಂಜೆ ದೋಣಿಗಳು ಬಂದಾಗ ದಡದಲ್ಲಿ ಗೆಸ್ಟ್‌ಹೌಸಿನವರು ಚಿತ್ರಗಳ ಫಲಕ ಹಿಡಿದು ಸುತ್ತುವರಿಯುತ್ತಾರೆ. ದೋಣಿಕಟ್ಟೆಯಿಂದ ಕಡಿದಾಗಿ ಏರುವ ಒಂದೇ ರಸ್ತೆಯ ಎರಡೂ ಬದಿಯಲ್ಲಿ ವಸತಿಗೃಹಗಳು, ಹೋಟೆಲುಗಳು ಸಾಲಾಗಿವೆ. ಮೊದಲೇ ಕಾದಿರಿಸುವ ಅಗತ್ಯ ಜನಸಂದಣಿಯ ಡಿಸೆಂಬರ್-ಜನವರಿ ಬಿಟ್ಟರೆ ಇಲ್ಲ. ಗುಂಪಿನಲ್ಲಿ ಒಬ್ಬರು ಚೀಲಗಳ ಬಳಿ ನಿಂತು, ಇನ್ನಿಬ್ಬರು ಮುಂದೆ ಹೋಗಿ ಕೋಣೆ ನೋಡಿ ದರ ಮಾತಾಡಿ ಬಂದರೆ ಕೆಲಸ ಸಲೀಸು. ನಾವು ಉಳಿದ ಕೋಣೆ ಚೊಕ್ಕಟವಾಗಿತ್ತು, ಸೊಳ್ಳೆಪರದೆ ಇತ್ತು, ಬಿಸಿನೀರು ಮಾತ್ರ ಮೊದಲು ಸ್ನಾನಕ್ಕೆ ಹೋದವರ ಪಾಲಾಯಿತು. ಭಾರತೀಯ ಊಟ ಸಿಗುವ ಹೋಟೆಲೂ ಆ ಪುಟ್ಟ ಊರಿನಲ್ಲಿದೆ. ದಾಲ್, ರೊಟ್ಟಿ ಕಂಡು ಶಾಕಾಹಾರಿಗಳ ಮುಖ ಅರಳುವುದು ಸಹಜ. ಊರನ್ನು ನೋಡಲು ಬಹಳವೇನೂ ಇಲ್ಲ ಎಂಬ ಸಾಮಾನ್ಯ ದೂರನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಬೆಳಗ್ಗೆ ಆರು ಗಂಟೆಗೆ ಎದ್ದು ಮಾರುಕಟ್ಟೆಗೆ ಹೋದರೆ ಸುತ್ತಲಿನ ಬೆಟ್ಟಗಳ ಜನ ಹೊತ್ತು ತಂದ ಬಿದಿರ ಕಳಲೆ, ಕಾಡುಸೊಪ್ಪು, ಅಡಿಕೆ, ನದಿಯ ಮೀನುಗಳನ್ನು ನೆಲದ ಮೇಲೆ ಹರಡಿಕೊಂಡು ಕುಳಿತಿರುತ್ತಾರೆ. ದೋಣಿ ಮತ್ತೆ ಹೊರಡುವುದು ಒಂಬತ್ತರ ಸುಮಾರಿಗೆ. ಅಷ್ಟರೊಳಗೆ ಇದೆಲ್ಲವನ್ನೂ ನೋಡಿ ಬರಲು ಸಮಯ ಸಾಕು.

ಎರಡನೆಯ ದಿನ ಸಾಮಾನ್ಯವಾಗಿ ಬೇರೆ ದೋಣಿ ಬರುತ್ತದೆ, ಆದ್ದರಿಂದ ಹಿಂದಿನ ದಿನದ ಸೀಟಿನ ಮೇಲೆ ಯಾರಿಗೂ ಹಕ್ಕಿಲ್ಲ. ಚಳಿಗಾಲದಲ್ಲಿ ಬೆಳಗ್ಗೆ ಹತ್ತರವರೆಗೂ ಮಂಜು ನದಿಯನ್ನು ಬಿಡುವುದಿಲ್ಲ, ತೆರೆದ ಬದಿಗಳಿಂದ ಬರುವ ಗಾಳಿಗೆ ಕಿವಿ ಮರಗಟ್ಟುತ್ತದೆ. ಆಗ್ನೇಯ ಏಷ್ಯಾ ಎಂದರೆ ಸೆಕೆ ಎಂದು ತೆಳು ಬಟ್ಟೆಗಳನ್ನಷ್ಟೇ ಹೊತ್ತು ಬಂದ ಯೂರೋಪಿನ ಪ್ರವಾಸಿಗರು ಮಲಗುವ ಚೀಲದೊಳಗೆ ತೂರಿ ಕುಳಿತಿದ್ದರು. ನವೆಂಬರಿನಿಂದ ಜನವರಿಯವರೆಗಿನ ಕಾಲವನ್ನೇ ನಾನು ಶಿಫಾರಸು ಮಾಡುತ್ತೇನೆ, ಆದರೆ ಸ್ವೆಟರ್ ಮತ್ತು ಟೋಪಿಯೊಂದಿಗೆ. ಮಾರ್ಚ್, ಏಪ್ರಿಲ್‌ನಲ್ಲಿ ಬೆಟ್ಟಗಳ ಇಳಿಜಾರುಗಳನ್ನು ಬೇಸಾಯಕ್ಕಾಗಿ ಸುಡುವುದರಿಂದ ಉತ್ತರ ಲಾವೋಸ್ ಪೂರ್ತಿ ಹೊಗೆ ಮುಸುಕುತ್ತದೆ; ಆಗ ಎದುರು ದಡವೂ ಮಸುಕು, ಆಸ್ತಮಾ ಇರುವವರಿಗಂತೂ ಅದು ಸಲ್ಲದ ಕಾಲ.

ಲುವಾಂಗ್ ಪ್ರಬಾಂಗ್‌ಗೆ ಇನ್ನು ಸುಮಾರು 25 ಕಿಲೋಮೀಟರ್ ಇರುವಾಗ ನಾಮ್ ಊ ನದಿ ಬಂದು ಮೆಕಾಂಗ್ ಸೇರುತ್ತದೆ. ಅದರ ಎದುರಿಗೆ ಸುಣ್ಣಕಲ್ಲಿನ ಬಂಡೆಗೋಡೆಯಲ್ಲಿ ಪಾಕ್ ಊ ಗುಹೆಗಳು. ತಾಮ್ ಟಿಂಗ್, ತಾಮ್ ತೆಂಗ್ ಎಂಬ ಎರಡು ಗುಹೆಗಳಲ್ಲಿ ಭಕ್ತರು ಶತಮಾನಗಳಿಂದ ತಂದಿಟ್ಟ ಸಾವಿರಾರು ಬುದ್ಧ ವಿಗ್ರಹಗಳಿವೆ. ಸ್ಲೋ ಬೋಟ್ ಇಲ್ಲಿ ನಿಲ್ಲುವುದಿಲ್ಲ. ನದಿಯಿಂದ ಮೇಲೇರುವ ಬಿಳಿ ಮೆಟ್ಟಿಲುಗಳನ್ನು ಕಂಡು ಮುಂದೆ ಸಾಗಬೇಕು, ಬೇಕಾದವರು ಲುವಾಂಗ್ ಪ್ರಬಾಂಗ್‌ನಿಂದ ಮತ್ತೊಂದು ದಿನ ಬರಬಹುದು.

ಆದರೆ ಗುಹೆಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು, ಆ ಸಂಗಮಕ್ಕೆ ತುಸು ಮೇಲೆ ಎದ್ದು ನಿಂತಿರುವ ಲುವಾಂಗ್ ಪ್ರಬಾಂಗ್ ಅಣೆಕಟ್ಟಿನ ಕಾಮಗಾರಿ. 1,460 ಮೆಗಾವಾಟ್ ಸಾಮರ್ಥ್ಯದ ಯೋಜನೆ ಇದು. ಪಟ್ಟಣದ ಕೆಳಗಿನ ಸಯಾಬುರಿ ಅಣೆಕಟ್ಟು 2019ರ ಅಕ್ಟೋಬರಿನಲ್ಲೇ ವಿದ್ಯುತ್ ಉತ್ಪಾದನೆ ಆರಂಭಿಸಿ, ಅದರ ಹಿನ್ನೀರು ಲುವಾಂಗ್ ಪ್ರಬಾಂಗ್‌ನ ಹತ್ತಿರದವರೆಗೂ ನಿಂತಿದೆ. ಪಾಕ್‌ಬೆಂಗ್‌ನ ಮೇಲ್ಭಾಗದಲ್ಲಿ ಮತ್ತೊಂದು ಅಣೆಕಟ್ಟಿನ ಯೋಜನೆಯಿದೆ. ಹೊಸ ಅಣೆಕಟ್ಟಿನಲ್ಲಿ ದೋಣಿಗಳು ದಾಟಲು ನೀರಿನ ಮಟ್ಟವನ್ನು ಏರಿಳಿಸಿ ದೋಣಿ ದಾಟಿಸುವ ಲಾಕ್ ವ್ಯವಸ್ಥೆ ಇದೆಯೆನ್ನುವುದು ನಿಜ. ಆದರೂ ನಾಮ್ ಊ ನದಿಯ ಮೇಲೆ ಸಾಲಾಗಿ ಏಳು ಅಣೆಕಟ್ಟುಗಳು ಬಂದ ಮೇಲೆ, ಲುವಾಂಗ್ ಪ್ರಬಾಂಗ್‌ನಿಂದ ನೋಂಗ್ ಕಿಯಾವ್‌ವರೆಗಿನ ಹೆಸರಾಂತ ದೋಣಿ ಪ್ರಯಾಣ ನಿಂತೇಹೋದದ್ದನ್ನು ಮರೆಯುವಂತಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಡೆಯಾದ ಶರಾವತಿ ಕಣಿವೆಯ ಕತೆಯನ್ನು ಹಿರಿಯರಿಂದ ಕೇಳಿ ಬೆಳೆದವರಿಗೆ, ಹೊಳೆದಂಡೆಯ ಮರಳಿನಲ್ಲಿ ನೆಲಗಡಲೆ ಬೆಳೆಯುವ ಕುಟುಂಬಗಳನ್ನು ಎರಡು ದಿನ ನೋಡುತ್ತ ಬಂದು ಕೊನೆಗೆ ಆ ಕ್ರೇನುಗಳ ಕೆಳಗೆ ಹಾದುಹೋಗುವಾಗ ಹೊಟ್ಟೆಯಲ್ಲಿ ಸಂಕಟವಾಗದೆ ಇರದು. ನಾವು ಹೋದಾಗ ದೋಣಿ ಕಾಮಗಾರಿಯ ಪಕ್ಕದಿಂದಲೇ ಸಾಗಿತು. ಕೆಲಸ ಮುಂದುವರಿದಂತೆ ದೋಣಿಯ ವ್ಯವಸ್ಥೆಯಲ್ಲಿ ಬದಲಾವಣೆಗಳಾಗುವ ಸಂಭವ ಇರುವುದರಿಂದ, ಹುವಾಯ್ ಸಾಯ್‌ನ ಟಿಕೆಟ್ ಕಿಟಕಿಯಲ್ಲಿ ವಿಚಾರಿಸಿಯೇ ಮುಂದಿನ ಕೋಣೆ, ರೈಲು ಕಾದಿರಿಸಿ.

ಈ ಸೇವೆಯ ಬಗ್ಗೆ ನನ್ನ ಅತಿ ದೊಡ್ಡ ಆಕ್ಷೇಪ ಅದು ಮುಗಿಯುವ ಜಾಗದ ಬಗ್ಗೆ. ದೋಣಿ ಪ್ರಯಾಣಿಕರನ್ನು ಇಳಿಸುವುದು ಪಟ್ಟಣದಿಂದ ಸುಮಾರು 10 ಕಿಲೋಮೀಟರ್ ಮೇಲ್ಭಾಗದ ಕಟ್ಟೆಯಲ್ಲಿ. ಅಲ್ಲಿಂದ ಕಡಿದಾದ ಮೆಟ್ಟಿಲು ಹತ್ತಿ, ಟುಕ್‌ಟುಕ್‌ನ ಚೀಟಿ ಕೊಂಡು, ಬೆನ್ನಚೀಲಗಳೊಂದಿಗೆ ತುಂಬಿಕೊಂಡು ಧೂಳಿನ ರಸ್ತೆಯಲ್ಲಿ ಊರು ಸೇರಬೇಕು. ಲುವಾಂಗ್ ಪ್ರಬಾಂಗ್ ಎಂಬುದು ನದಿಯ ಕಡೆಯಿಂದ ಬರುವವರಿಗಾಗಿಯೇ ಕಟ್ಟಿದ ಊರು. ಮೆಕಾಂಗ್ ಮತ್ತು ನಾಮ್ ಖಾನ್ ನದಿಗಳ ನಡುವಿನ ಚಾಚಿನ ತುದಿಯಲ್ಲಿ, 1559-60ರ ಸುಮಾರಿಗೆ ರಾಜ ಸೆತ್ತಾತಿರಾತ್ ಕಟ್ಟಿಸಿದ ವಾಟ್ ಶಿಯೆಂಗ್ ತೋಂಗ್ ದೇಗುಲದ ಮೆಟ್ಟಿಲುಗಳು ನೇರವಾಗಿ ಮೆಕಾಂಗ್‌ಗೆ ಇಳಿಯುತ್ತವೆ. 1904ರಲ್ಲಿ ಕಟ್ಟಲಾರಂಭಿಸಿದ ಅರಮನೆಗೂ, ಅತಿಥಿಗಳು ದೋಣಿಯಿಂದ ಇಳಿದು ನೇರವಾಗಿ ಮೇಲೇರಿ ಬರಲಿ ಎಂದೇ ನದಿ ದಂಡೆಯ ಆ ಸ್ಥಳವನ್ನು ಆರಿಸಲಾಗಿತ್ತು. ಎರಡು ದಿನ ನದಿಯ ಮೇಲೆ ಬಂದವರು ಕೊನೆಯ ಹತ್ತು ಕಿಲೋಮೀಟರನ್ನು ಟುಕ್‌ಟುಕ್‌ನ ಬೆಂಚಿನ ಮೇಲೆ ಕಳೆಯುವಂತಾದರೆ, ಯುನೆಸ್ಕೊ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಆ ಊರಿನ ಅತ್ಯುತ್ತಮ ಮುಖ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಊರೊಳಗಿನ ಕಟ್ಟೆಗೆ ದೊಡ್ಡ ದೋಣಿಗಳು ಬಂದರೆ ಗದ್ದಲವಾಗುತ್ತದೆ ಎಂಬ ವಾದವಿದ್ದರೆ ಸಣ್ಣ ದೋಣಿಗಳಲ್ಲಾದರೂ ಕರೆದೊಯ್ಯಬಹುದು. ಅದಕ್ಕೆ ಹೆಚ್ಚು ಹಣ ತೆರಲು ನಮ್ಮಂಥ ಅನೇಕರು ಸಿದ್ಧರಿರುತ್ತಾರೆ.

ಈ ಕೊರತೆಯನ್ನು ತುಂಬಿಕೊಳ್ಳಲು ಒಂದು ಉಪಾಯವನ್ನು ಧಾರಾಳವಾಗಿ ಸೂಚಿಸಬಲ್ಲೆ. ಮರುದಿನ ಸಂಜೆ ಊರಿನ ಕಟ್ಟೆಯಿಂದ ಸಣ್ಣ ದೋಣಿಯಲ್ಲಿ ಎದುರು ದಡದ ಚೋಂಪೆತ್ ಕಡೆಗೆ ದಾಟಿ, ಹಿಂದಿರುಗುವಾಗ ವಾಟ್ ಶಿಯೆಂಗ್ ತೋಂಗ್‌ನ ಬಾಗಿದ ಚಾವಣಿಯನ್ನೂ ಹಿಂದೆ ಫೂಸಿ ಬೆಟ್ಟವನ್ನೂ ನೀರಿನ ಮಟ್ಟದಿಂದ ನೋಡಿರಿ. ಆ ದೇಗುಲದ ಆವರಣದಲ್ಲಿ ರಾಜರ ಅಂತ್ಯಯಾತ್ರೆಯ ರಥವಿರುವ ಕಟ್ಟಡದ ಹೊರಗೋಡೆಯ ಮೇಲೆ ಚಿನ್ನದ ಬಣ್ಣದ ಕೆತ್ತನೆಗಳಲ್ಲಿ ರಾಮಾಯಣದ ಪ್ರಸಂಗಗಳಿವೆ. ಯಕ್ಷಗಾನ ನೋಡಿ ಬೆಳೆದ ನಮ್ಮ ಕರಾವಳಿಯ ಗೆಳೆಯ ಅವುಗಳ ಮುಂದೆ ನಿಂತು ಒಂದೊಂದಾಗಿ ಗುರುತಿಸುತ್ತ ಹೋದಂತೆ, ಅಲ್ಲಿದ್ದ ಎಳೆಯ ಭಿಕ್ಷುಗಳಿಬ್ಬರು ಹತ್ತಿರ ಬಂದು ತಾವು ತಿಳಿದ ಹೆಸರುಗಳನ್ನು ಹೇಳತೊಡಗಿದರು. ಲಾವೋಸ್‌ನಲ್ಲಿ ಈ ಕತೆ ಫ್ರ ಲಕ್ ಫ್ರ ರಾಮ್ ಎಂದು ಪ್ರಸಿದ್ಧ.

2021ರ ಡಿಸೆಂಬರ್ 3ರಂದು ಲಾವೋಸ್-ಚೀನಾ ರೈಲು ಮಾರ್ಗ ತೆರೆದ ಮೇಲೆ, ಬಸ್ಸಿನಲ್ಲಿ ಇಡೀ ದಿನ ಹಿಡಿಯುತ್ತಿದ್ದ ರಾಜಧಾನಿ ವಿಯೆಂಟಿಯಾನ್-ಲುವಾಂಗ್ ಪ್ರಬಾಂಗ್ ದಾರಿ ಸುಮಾರು ಎರಡು ಗಂಟೆಗೆ ಇಳಿದಿದೆ. ರಜೆ ಕಡಿಮೆ ಇರುವವರು, ಚಿಕ್ಕ ಮಕ್ಕಳೊಂದಿಗೆ ಬರುವವರು, ಬೆನ್ನುನೋವಿನವರು ರೈಲನ್ನೇ ಹಿಡಿಯಬೇಕು. ಅದನ್ನು ಹೇಳಲು ನನಗೆ ಸಂಕೋಚವಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದಾಗ ಹಿನ್ನೀರಿನ ಆಚೆಯ ಜನ ಪಟ್ಟ ಸಂತೋಷವನ್ನು ಬಲ್ಲವರು, ಲಾಂಚ್‌ಗಾಗಿ ಕಾಯುವುದನ್ನು ಹೊರಗಿನವರ ಖುಷಿಗಾಗಿ ಉಳಿಸಿಕೊಳ್ಳಿ ಎಂದು ಯಾರಿಗೂ ಹೇಳಲಾರರು. ಮೆಕಾಂಗ್‌ನ ಹಳ್ಳಿಗಳಿಗೂ ರಸ್ತೆ ಬರಲಿ, ಬರಬೇಕು. ಆದರೆ ದೋಣಿ ಇನ್ನೂ ಅವರಿಗೆ ಬೇಕಾಗಿರುವಷ್ಟು ದಿನ, ಮೂರ್ನಾಲ್ಕು ಗೆಳೆಯರು ಎರಡು ದಿನ ಕೈಯಲ್ಲಿಟ್ಟುಕೊಂಡು ಬರುವುದಾದರೆ, ಉತ್ತರ ಲಾವೋಸ್‌ಗೆ ಇದಕ್ಕಿಂತ ಒಳ್ಳೆಯ ಪ್ರವೇಶ ನನಗೆ ಗೊತ್ತಿಲ್ಲ.

ಜನದಟ್ಟಣೆ ಬೇಡವೆನ್ನುವವರು ದಿಕ್ಕನ್ನು ತಿರುಗಿಸಿ ನೋಡಬಹುದು. ಲುವಾಂಗ್ ಪ್ರಬಾಂಗ್‌ನಿಂದ ಹುವಾಯ್ ಸಾಯ್ ಕಡೆಗೆ ಹರಿವಿಗೆ ಎದುರಾಗಿ ಹೋಗುವ ದೋಣಿಗೆ ಹೆಚ್ಚು ಹೊತ್ತು ಹಿಡಿಯುವುದರಿಂದ ಪ್ರವಾಸಿಗರು ಕಡಿಮೆ, ಊರಿನ ಜನರೇ ಹೆಚ್ಚು. ಸೀಟಿಗಾಗಿ ನಸುಕಿನಲ್ಲೇ ಓಡಬೇಕಾಗಿಲ್ಲ. ಥಾಯ್ಲೆಂಡಿನ ಮೂಲಕ ಊರಿಗೆ ಮರಳುವವರಿಗೆ ಇದು ದಾರಿಯ ಮೇಲೆಯೇ ಬೀಳುತ್ತದೆ. ಹಾಗೆ ಹೋಗುವವರು ಚಿಯಾಂಗ್ ಖೋಂಗ್‌ನಿಂದ ಮುಂದಿನ ಬಸ್ಸನ್ನು ಅದೇ ರಾತ್ರಿಗೆ ಕಾದಿರಿಸದೆ ಮರುದಿನಕ್ಕೆ ಇಟ್ಟುಕೊಳ್ಳಲಿ, ಏಕೆಂದರೆ ದೋಣಿ ತಡವಾಗಿ ತಲುಪಿದರೆ ಕತ್ತಲಲ್ಲಿ ಸೇತುವೆಯವರೆಗೆ ವಾಹನ ಹುಡುಕುವುದು ತ್ರಾಸದ ಕೆಲಸ.